ಏರುತ್ತ ಇಳಿಯುವ ವಿಮಾನ

(ಪುಣೆಯ ನಮ್ಮ ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬ್ಯಾಂಕಿನ ಗುಮಾಸ್ತರು ವಿಮಾನದ ವಿಷಯವಾಗಿ ಮಾತನಾಡಲು ನಿಂತರೆ ಸಭಿಕರು ಹುಬ್ಬೇರಿಸುವುದು ಸಹಜ. ನಾವು ಓದಿದುದು ಬಿ.ಕಾಂ.; ಕೈ ಪಳಗಿದುದು ಜಮೆ-ಖರ್ಚಿನ ಪುಸ್ತಕಗಳಲ್ಲಿ. ಮಾರ್ಚ್ ತಿಂಗಳ ಕೊನೆಯ ದಿನ ಲೆಕ್ಕ ಕೂಡದೆ ಹೋದಾಗ ಆಕಾಶವೇ ತಲೆಯ ಮೇಲೆ ಬಿದ್ದಂತಾಗುತ್ತದಲ್ಲ, ಆಕಾಶಕ್ಕೂ ನಮಗೂ ಇರುವ ಸಂಬಂಧ ಅಷ್ಟೇ. ಆದರೂ ಕಾರ್ಯದರ್ಶಿಗಳು ಬಿಡಲಿಲ್ಲ. “ನೀವು ನಾಲ್ವರೂ ಲುಕ್ಲಾಕ್ಕೆ ಹೋಗಿ ಬಂದವರು. ಕಂಡುದನ್ನು ಹೇಳಿ, ಕೇಳಿ ತಿಳಿದುದನ್ನೂ ಹೇಳಿ” ಎಂದರು. ಆದುದರಿಂದ, ಒಂದೇ ಶಾಖೆಯಲ್ಲಿ ದುಡಿಯುವ ನಾವು ನಾಲ್ವರು ಕನ್ನಡಿಗರ ಪರವಾಗಿ ಈ ಮಾತು.

2023ರ ಅಕ್ಟೋಬರಿನಲ್ಲಿ, ದಸರೆಯ ಬಿಡುವಿಗೆ ಇನ್ನಷ್ಟು ರಜೆ ಸೇರಿಸಿಕೊಂಡು ನಾವು ನೇಪಾಳಕ್ಕೆ ಹೋದೆವು. ಎವರೆಸ್ಟ್ ಏರುವ ಹುಚ್ಚೇನೂ ನಮಗಿರಲಿಲ್ಲ. ಲುಕ್ಲಾದಿಂದ ನಾಮ್ಚೆ ಬಜಾರಿನವರೆಗೆ ಕಾಲ್ನಡೆಯಲ್ಲಿ ಹೋಗಿ, ಆ ಶಿಖರಕ್ಕೆ ದೂರದಿಂದಲೇ ಒಂದು ಕೈಮುಗಿದು ಬರುವುದು, ಇಷ್ಟೇ ಆಸೆ. ಲುಕ್ಲಾಕ್ಕೆ ಮೋಟಾರು ರಸ್ತೆಯಿಲ್ಲ. ನಡೆದು ಹೋಗಲು ನಮ್ಮಂಥವರಿಗೆ ರಜೆ ಸಾಲದು. ಉಳಿದ ದಾರಿ ಗಾಳಿಯ ದಾರಿ. ಯಾತ್ರಿಕರ ಗದ್ದಲ ಹೆಚ್ಚಿರುವ ತಿಂಗಳುಗಳಲ್ಲಿ ವಿಮಾನಗಳು ಕಠ್ಮಂಡುವಿನ ಬದಲು ಬಹುಪಾಲು ರಾಮೇಛಾಪ ಜಿಲ್ಲೆಯ ಮಂಥಲಿಯಿಂದ ಹೊರಡುತ್ತವೆ. ನಡುರಾತ್ರಿಯಲ್ಲಿ ಜೀಪು ಹತ್ತಿ, ಬೆಳಗಿನ ಜಾವಕ್ಕೆ ಮಂಥಲಿ ತಲುಪಿ, ಹದಿನೈದೋ ಹದಿನಾರೋ ಜನ ಕೂಡುವ ಎರಡು ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಕುಳಿತೆವು. ನಮ್ಮ ಹಳ್ಳಿಯ ಕಡೆಯ ಟೆಂಪೋ ಕೂಡ ಅದಕ್ಕಿಂತ ಅಗಲವಿರಬಹುದು.

ಪ್ರಯಾಣ ಇಪ್ಪತ್ತು ನಿಮಿಷದ್ದು. ಚಾಲಕರಿಗೂ ನಮಗೂ ನಡುವೆ ಬಾಗಿಲಿರಲಿಲ್ಲ. ಅವರ ಹೆಗಲ ಮೇಲಿಂದ ಮುಂದಿನ ಗಾಜು ಕಾಣುತ್ತಿತ್ತು. ಗಾಜಿನ ತುಂಬ ಬೆಟ್ಟ. ಬೆಟ್ಟದ ಮೈಮೇಲೆ ಯಾರೋ ಬೂದುಬಣ್ಣದ ಚಾಪೆಯೊಂದನ್ನು ಗೋಡೆಗೆ ತೂಗುಹಾಕಿದ ಹಾಗೆ ಒಂದು ಪಟ್ಟಿ. “ಅದೇನು?” ಎಂದು ನಮ್ಮಲ್ಲೊಬ್ಬರು ಕೇಳುವಷ್ಟರಲ್ಲಿ ಅದೇ ಓಡುದಾರಿ ಎಂದು ತಿಳಿಯಿತು. ವಿಮಾನ ಆ ಗೋಡೆಯನ್ನು ನೋಡಿಕೊಂಡೇ ನೆಟ್ಟಗೆ ಹೋಯಿತು. ಕೊನೆಯಲ್ಲಿ ಮೂತಿ ಮೇಲೆತ್ತಿತು. ಒಂದು ಗುದ್ದು, ಎಂಜಿನ್ನಿನ ಆರ್ಭಟ, ಮತ್ತೆ ಕೆಲವೇ ಉಸಿರಿನಲ್ಲಿ ಬಲಕ್ಕೆ ತಿರುಗಿ ನಿಂತೇಬಿಟ್ಟಿತು. ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ನಮ್ಮ ಕೈಗಳು ಮುಂದಿನ ಕುರ್ಚಿಯನ್ನು ಇನ್ನೂ ಬಿಟ್ಟಿರಲಿಲ್ಲ.

ಹೋಗುವಾಗಿನ ಕಥೆ ಇಷ್ಟು. ನಡೆದುದು, ಕಂಡುದು, ಕಾಲು ನೋವಾದುದು ಇವನ್ನೆಲ್ಲ ಇಲ್ಲಿ ಹೇಳುವುದಿಲ್ಲ. ನಿಮಗೆ ಹೇಳಬೇಕಾದುದು ಬರುವಾಗಿನ ಮಾತು.

ನಾಮ್ಚೆಯಿಂದ ಲುಕ್ಲಾಕ್ಕೆ ಇಳಿದು ಬಂದ ಸಂಜೆಯೇ ಧಾರವಾಡದಿಂದ ಫೋನು ಬಂತು. ನಮ್ಮಲ್ಲೊಬ್ಬರ ತಾಯಿಯವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದಿತ್ತು, ಶಸ್ತ್ರಚಿಕಿತ್ಸೆ ಆಗಬೇಕಾಗಿತ್ತು. ಮರುದಿನ ಬೆಳಿಗ್ಗೆಯೇ ನಮ್ಮ ವಿಮಾನ. ಆದರೆ ಮರುದಿನ ಕಣ್ಣು ತೆರೆದರೆ ಬೆಟ್ಟವೂ ಇಲ್ಲ, ಕಣಿವೆಯೂ ಇಲ್ಲ. ಕಿಟಕಿಯ ಆಚೆ ಬರೀ ಬಿಳಿ. ಆ ದಿನ ವಿಮಾನ ಬರಲಿಲ್ಲ. ಹೆಲಿಕಾಪ್ಟರಿನವರನ್ನು ಕೇಳಿದೆವು, ಅವರೂ ಆಕಾಶ ತೋರಿಸಿದರು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಒಂಬತ್ತರ ಸುಮಾರಿಗೆ ಮೋಡ ಸ್ವಲ್ಪ ಹರಿಯಿತು. ಗಂಟೆ ಬಾರಿಸಿದರು, ಚೀಲಗಳನ್ನು ತೂಗಿದರು, ನಾವು ಸಾಲು ನಿಂತೆವು. ಕಣಿವೆಯ ಕೆಳಗಿನಿಂದ ಎಂಜಿನ್ನಿನ ಸದ್ದು ಕೇಳಿಸಿತು. ಸದ್ದು ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು, ಅಲ್ಲಿಂದ ಹಾಗೆಯೇ ದೂರವಾಗುತ್ತ ಹೋಯಿತು. ವಿಮಾನ ಕಣಿವೆಯ ಬಾಯಿಯವರೆಗೆ ಬಂದು ಹಿಂದಿರುಗಿತ್ತು.

ಆಗ ನಾವು ಮಾಡಿದುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ನಾಲ್ವರೂ ಕೌಂಟರಿಗೆ ನುಗ್ಗಿದೆವು. ನಮಗೆ ಓಡುದಾರಿ ಪೂರ್ತಿಯಾಗಿ ಕಾಣುತ್ತಿದೆ, ಆ ಚಾಲಕನಿಗೆ ಮಾತ್ರ ಕಾಣಲಿಲ್ಲವೇ ಎಂದು ಕೂಗಾಡಿದೆವು. ಇಲ್ಲಿ ಒಬ್ಬರ ತಾಯಿ ಆಸ್ಪತ್ರೆಯಲ್ಲಿದ್ದಾರೆ, ನಿಮಗೆ ಮನುಷ್ಯತ್ವವಿದೆಯೇ ಎಂದೆವು. ಮೇಜು ಗುದ್ದಿದವರೂ ಉಂಟು, ಯಾರೆಂದು ಹೇಳುವುದಿಲ್ಲ. ಆಚೆ ಕುಳಿತಿದ್ದ ಗುಮಾಸ್ತ ನಮ್ಮದೇ ವಯಸ್ಸಿನವನು. ಎಲ್ಲವನ್ನೂ ಕೇಳಿಸಿಕೊಂಡು, “ನಾಳೆ ಬನ್ನಿ” ಎಂದ. ಬಂಧುಗಳೆ, ದಿನಕ್ಕೆ ಹತ್ತು ಸಲ ಈ ಎರಡು ಶಬ್ದ ಹೇಳುವವರು ನಾವು. ಕಂಪ್ಯೂಟರು ನಿಂತಾಗ, ಸಹಿ ಹೊಂದದಿದ್ದಾಗ, ಎದುರಿನವರ ಕಣ್ಣು ಕೆಂಪಾದಾಗ, ನಾವೂ ಹೀಗೆಯೇ ಮುಖ ತಗ್ಗಿಸಿ ಹೇಳುತ್ತೇವೆ. ಕೌಂಟರಿನ ಈಚೆ ನಿಂತು ಅದನ್ನು ಕೇಳುವುದು ಬೇರೆಯೇ ಅನುಭವ.

ಆ ಚಾಲಕ ಏಕೆ ಹಿಂದಿರುಗಿದ? ಊರಿಗೆ ಬಂದ ಮೇಲೆ ಓದಿ, ಬಲ್ಲವರನ್ನು ಕೇಳಿ, ನಮ್ಮ ಬುದ್ಧಿಗೆ ನಿಲುಕಿದಷ್ಟನ್ನು ನಿಮ್ಮ ಮುಂದಿಡುತ್ತೇವೆ.

ಮೊದಲು ಗಾಳಿಯ ಲೆಕ್ಕ. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಯ ಸುತ್ತ ಹರಿಯುವ ಗಾಳಿ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಲುಕ್ಲಾ ಸಮುದ್ರಮಟ್ಟದಿಂದ 2,845 ಮೀಟರು, ಎಂದರೆ 9,300 ಅಡಿಗೂ ಮೇಲೆ. ಅಲ್ಲಿಯ ಗಾಳಿಯ ಸಾಂದ್ರತೆ ಸಮುದ್ರತೀರದ ಗಾಳಿಯ ಮುಕ್ಕಾಲು ಪಾಲು ಮಾತ್ರ. ರೂಪಾಯಿಗೆ ಹನ್ನೆರಡಾಣೆ ಎನ್ನಿ. ಗಾಳಿ ಕಡಿಮೆಯಾದರೆ ಅದೇ ಭಾರವನ್ನು ಹೊರಲು ವಿಮಾನ ಹೆಚ್ಚು ವೇಗವಾಗಿ ಹೋಗಬೇಕು. ಅಲ್ಲಿ ಸುಮಾರು ನೂರಕ್ಕೆ ಹದಿನೈದರಷ್ಟು ಹೆಚ್ಚು. ವೇಗ ನೂರಕ್ಕೆ ಹದಿನೈದು ಏರಿದರೆ ನಿಲ್ಲಿಸಬೇಕಾದ ಶಕ್ತಿ ಮೂರನೆಯ ಒಂದು ಪಾಲಿನಷ್ಟು ಏರುತ್ತದೆ. ಇದು ಚಕ್ರಬಡ್ಡಿಯ ಜಾತಿಯ ಲೆಕ್ಕ; ನಮಗೆ ಬೇಗ ಅರ್ಥವಾಯಿತು. ಇದರಲ್ಲೊಂದು ಚೋದ್ಯವೂ ಇದೆ. ವಿಮಾನದ ವೇಗದ ಮೀಟರು ಎದುರಿನ ಗಾಳಿಯ ಒತ್ತಡವನ್ನು ಅಳೆದು ವೇಗ ತೋರಿಸುತ್ತದೆ. ಗಾಳಿ ತೆಳುವಾದರೆ ಅದು ತೋರಿಸುವ ಅಂಕಿ ಒಂದು, ನೆಲದ ಮೇಲಿನ ನಿಜವಾದ ವೇಗ ಇನ್ನೊಂದು. ಮುಂಬಯಿಯಲ್ಲಿ ಇಳಿಯುವಾಗ ನೋಡಿದ ಅಂಕಿಯನ್ನೇ ಚಾಲಕ ಲುಕ್ಲಾದಲ್ಲೂ ನೋಡುತ್ತಾನೆ, ಆದರೆ ನೆಲ ಅವನ ಕಡೆಗೆ ಹೆಚ್ಚು ಜೋರಾಗಿ ಓಡಿಬರುತ್ತಿರುತ್ತದೆ. ಎಂಜಿನ್ನೂ ಉಸಿರಾಡುವುದು ಆ ತೆಳು ಗಾಳಿಯನ್ನೇ. ಬಯಲಿನಲ್ಲಿದ್ದ ಕಸುವು ಅದಕ್ಕೂ ಅಲ್ಲಿ ಇರುವುದಿಲ್ಲ. ಒಟ್ಟಿನಲ್ಲಿ ಖರ್ಚು ಹೆಚ್ಚು, ಜಮೆ ಕಡಿಮೆ.

ಇನ್ನು ಓಡುದಾರಿ. ನಮ್ಮ ಪುಣೆಯದು ಸುಮಾರು ಎರಡೂವರೆ ಸಾವಿರ ಮೀಟರು ಉದ್ದ. ಲುಕ್ಲಾದ್ದು 527 ಮೀಟರು. ಇದರಲ್ಲಿ ನಿಲ್ಲಿಸುವುದು ಹೇಗೆ? ಉತ್ತರ ಆ ತೂಗುಹಾಕಿದ ಚಾಪೆಯಲ್ಲೇ ಇದೆ. ಓಡುದಾರಿ ನೂರು ಮೀಟರಿಗೆ ಸುಮಾರು ಹನ್ನೆರಡು ಮೀಟರಿನಂತೆ ಏರುತ್ತದೆ. ಕೆಳತುದಿಗೂ ಮೇಲ್ತುದಿಗೂ ಅರುವತ್ತು ಮೀಟರಿನಷ್ಟು ವ್ಯತ್ಯಾಸ. ಇಪ್ಪತ್ತು ಅಂತಸ್ತಿನ ಕಟ್ಟಡದ ಎತ್ತರ. ವಿಮಾನ ಕೆಳತುದಿಯಲ್ಲಿ ನೆಲ ಮುಟ್ಟಿ ಮೇಲಕ್ಕೆ ಓಡುತ್ತದೆ. ಹೊರಡುವಾಗ ಮೇಲ್ತುದಿಯಿಂದ ಕೆಳಕ್ಕೆ ಓಡಿ, ಕಣಿವೆಯ ಅಂಚಿನಲ್ಲಿ ಗಾಳಿಗೆ ಬೀಳುತ್ತದೆ. ಗಾಳಿ ಯಾವ ದಿಕ್ಕಿಗೆ ಬೀಸಲಿ, ಇಳಿಯುವುದು ಹತ್ತುತ್ತ, ಏರುವುದು ಇಳಿಯುತ್ತ. ಶಾಲೆಯಲ್ಲಿ ಕಲಿತ ಭೌತಶಾಸ್ತ್ರವನ್ನು ನೆನಪಿಗೆ ತಂದುಕೊಂಡು ನಾವು ಒಂದು ಗುಣಾಕಾರ ಮಾಡಿ ನೋಡಿದೆವು. ಗಂಟೆಗೆ 120 ಕಿಲೋಮೀಟರು ವೇಗದಲ್ಲಿ ಉರುಳುವ ವಸ್ತು, ಬ್ರೇಕು ಇಲ್ಲದೆಯೇ, ಅರುವತ್ತು ಮೀಟರು ಎತ್ತರ ಏರುವಷ್ಟರಲ್ಲಿ ತಾನಾಗಿ ನಿಲ್ಲುತ್ತದೆ. ಎಂದರೆ ಬೆಟ್ಟವೇ ಬ್ರೇಕು. ಅದಕ್ಕೇ ಚಾಲಕ ನೆಲ ಮುಟ್ಟಿದ ಮೇಲೂ ಎಂಜಿನ್ನನ್ನು ಮರೆಯುವಂತಿಲ್ಲ; ಮೇಲಿನ ಸಮತಟ್ಟು ಜಾಗ ಸೇರುವವರೆಗೆ ಬಲ ಉಳಿಸಿಕೊಳ್ಳಬೇಕು.

ಬೆಟ್ಟ ಬ್ರೇಕು ಕೊಡುತ್ತದೆ, ನಿಜ. ಅದಕ್ಕೆ ಪ್ರತಿಯಾಗಿ ಅದು ಕಸಿದುಕೊಳ್ಳುವುದು ಏನು ಎಂಬುದೇ ನಮ್ಮ ಮಾತಿನ ತಿರುಳು. ಬಯಲಿನ ನಿಲ್ದಾಣದಲ್ಲಿ ಇಳಿಯುವ ವಿಮಾನಕ್ಕೆ ಕೊನೆಯ ಗಳಿಗೆಯವರೆಗೂ ಒಂದು ಹಕ್ಕಿರುತ್ತದೆ. ಏನಾದರೂ ಸರಿಬೀಳಲಿಲ್ಲವೇ, ಬಲ ಹೆಚ್ಚಿಸಿ ಮೇಲೆದ್ದು, ಒಂದು ಸುತ್ತು ಹಾಕಿ ಮತ್ತೆ ಬರಬಹುದು. ಲುಕ್ಲಾದ ಓಡುದಾರಿಯ ತುದಿಯಲ್ಲಿ ಕಲ್ಲಿನ ಗೋಡೆ, ಅದರ ಹಿಂದೆ ಬೆಟ್ಟ. ಆ ತೆಳು ಗಾಳಿಯಲ್ಲಿ ವಿಮಾನ ಎಷ್ಟು ಬೇಗ ಏರಬಲ್ಲದೋ ಅದಕ್ಕಿಂತ ಬೇಗ ನೆಲ ಏರುತ್ತದೆ. ಆದುದರಿಂದ ಕಣಿವೆಯಲ್ಲಿ ಕಣ್ಣಿಗೆ ಕಾಣದ ಒಂದು ಗೆರೆಯಿದೆ. ಅದರ ಈಚೆಗೆ ಮನಸ್ಸು ಬದಲಾಯಿಸಬಹುದು. ಆಚೆಗೆ ಹೋದರೆ ಇಳಿಯಲೇಬೇಕು. ವಿಮಾನ ನೆಲ ಮುಟ್ಟುವುದಕ್ಕೆ ಮೊದಲೇ ತೀರ್ಮಾನ ಮುಗಿದಿರುತ್ತದೆ. ಬ್ಯಾಂಕಿನಲ್ಲಿ ಶಿಲ್ಕು ಸಾಲದಿದ್ದರೆ ಓವರ್‌ಡ್ರಾಫ್ಟು ಎಂಬುದೊಂದುಂಟು. ಅಲ್ಲಿ ಅದಿಲ್ಲ.

ಗೆರೆಯ ಈಚೆಗಾದರೂ ತಿರುಗುವುದು ಸುಲಭವೇ? ಅದೂ ಅಲ್ಲ. ವೇಗ ಹೆಚ್ಚಿದಷ್ಟೂ ತಿರುವಿಗೆ ಅಗಲ ಬೇಕು. ಬೆಟ್ಟದ ಕಣಿವೆ ಅಗಲ ಕೊಡುವುದಿಲ್ಲ. ಬಲ್ಲ ಚಾಲಕರು ಕಣಿವೆಯ ನಟ್ಟನಡುವೆ ಹಾರದೆ ಒಂದು ಪಕ್ಕಕ್ಕೆ ಒತ್ತಿಕೊಂಡು ಹಾರುತ್ತಾರೆ. ತಿರುಗಬೇಕಾಗಿ ಬಂದರೆ ಇಡೀ ಅಗಲ ಕೈಗೆ ಸಿಗಲಿ ಎಂದು. ಆಗುಂಬೆಯ ಘಟ್ಟದಲ್ಲಿ ಬಸ್ಸಿನ ಚಾಲಕ ತಿರುವಿಗೆ ಮುಂಚೆ ಹೊರಗಡೆಗೆ ಸರಿದು ಹೊರಳಿಸುವುದನ್ನು ನೀವು ನೋಡಿರಬಹುದು. ಆ ಯುಕ್ತಿಯೇ ಇದು; ಇಲ್ಲಿ ಹಿಂದಕ್ಕೆ ಸರಿಯುವ ಗೇರು ಮಾತ್ರ ಇಲ್ಲ.

ಕಣ್ಣು ಕೂಡ ಅಲ್ಲಿ ಸುಳ್ಳು ಸಾಕ್ಷಿ ಹೇಳುತ್ತದೆಯಂತೆ. ಏರುವ ಓಡುದಾರಿಯನ್ನು ದೂರದಿಂದ ನೋಡಿದಾಗ ತಾನು ತೀರ ಎತ್ತರದಲ್ಲಿದ್ದೇನೆಂದು ಚಾಲಕನಿಗೆ ಅನಿಸುತ್ತದೆ. ಆ ಮಾತು ನಂಬಿ ಕೆಳಗಿಳಿದರೆ ಓಡುದಾರಿಗೆ ಮುಂಚಿನ ಬಂಡೆಗೇ ಬಡಿಯಬೇಕು. ಇದರ ಮೇಲೆ ಗಾಳಿ. ಬೆಳಿಗ್ಗೆ ಶಾಂತವಾಗಿರುತ್ತದೆ, ಬಿಸಿಲೇರಿ ಬೆಟ್ಟದ ಮೈ ಕಾದಂತೆ ಕಣಿವೆಯಿಂದ ಮೇಲಕ್ಕೆ ಗಾಳಿ ಎದ್ದು, ಮಧ್ಯಾಹ್ನಕ್ಕೆ ಬಿರುಸಾಗುತ್ತದೆ. ಅಲ್ಲಿಯ ಕೆಲಸವೆಲ್ಲ ಬಹುಮಟ್ಟಿಗೆ ಬೆಳಗಿನ ಹೊತ್ತಿನಲ್ಲೇ ಮುಗಿಯುವುದು ಅದಕ್ಕೇ. ಮೋಡ ಬಂದರೆ ಮಾತೇ ಇಲ್ಲ. ನಮಗೆ ಓಡುದಾರಿ ಕಂಡುದು ನಿಜ, ನಾವು ಅದರ ಪಕ್ಕದಲ್ಲೇ ನಿಂತಿದ್ದೆವು! ಕಣಿವೆಯ ಬಾಯಲ್ಲಿ, ಆ ಗೆರೆಯ ಮೇಲೆ ನಿಂತವನಿಗೆ ಏನು ಕಂಡಿತು ಎಂಬುದು ನಮಗೆ ಗೊತ್ತಿರಲಿಲ್ಲ.

ಈ ವಿದ್ಯೆ ಹಿಮಾಲಯದಲ್ಲಿ ಹುಟ್ಟಿದುದಲ್ಲ. ಅದಕ್ಕೆ ಸ್ವಿಟ್ಜರ್ಲೆಂಡಿನಲ್ಲಿ ಒಂದು ಕಥೆಯಿದೆ. 1946ರ ನವೆಂಬರ್ 19ರಂದು ಅಮೆರಿಕದ ಒಂದು ಡಕೋಟಾ ಜಾತಿಯ ವಿಮಾನ ದಾರಿ ತಪ್ಪಿ ಆಲ್ಪ್ಸ್ ಪರ್ವತದ ಗೌಲಿ ಎಂಬ ಹಿಮನದಿಯ ಮೇಲೆ ಬಿತ್ತು. ಅದರಲ್ಲಿ ಹನ್ನೆರಡು ಜನ. ಹನ್ನೊಂದು ವರ್ಷದ ಹುಡುಗಿಯೂ ಒಬ್ಬಳು. ಆಶ್ಚರ್ಯವೆಂದರೆ ಹನ್ನೆರಡು ಜನವೂ ಬದುಕಿದ್ದರು. ಎಲ್ಲಿ ಬಿದ್ದಿದ್ದೇವೆಂದು ಅವರಿಗೇ ಸರಿಯಾಗಿ ತಿಳಿಯದು. ಐದು ದಿನ ಹಿಮದಲ್ಲಿ ಕಳೆದರು. ಕಾಲ್ನಡೆಯ ತಂಡ ಅವರನ್ನು ತಲುಪಿತೇನೋ ನಿಜ, ಆದರೆ ಗಾಯಾಳುಗಳನ್ನು ಆ ಬಿರುಕುಗಳ ಮೇಲೆ ಹೊತ್ತು ತರುವ ಬಗೆ ಹೇಗೆ? ನವೆಂಬರ್ 24ರಂದು ಸ್ವಿಸ್ ವಾಯುಸೇನೆಯ ಇಬ್ಬರು ಚಾಲಕರು, ವಿಕ್ಟರ್ ಹೂಗ್ ಮತ್ತು ಪಿಸ್ತಾ ಹಿಟ್ಸ್, ಹಿಮದ ಮೇಲೆ ಜಾರುವ ಹಲಗೆ ಕಟ್ಟಿದ ಸ್ಟೋರ್ಖ್ ಎಂಬ ಸಣ್ಣ ವಿಮಾನಗಳನ್ನು ಆ ಹಿಮನದಿಯ ಮೇಲೆಯೇ ಇಳಿಸಿದರು. ಮತ್ತೆ ಮತ್ತೆ ಹೋಗಿ ಹನ್ನೆರಡೂ ಜನರನ್ನು ಕೆಳಗೆ ತಂದರು. ಬೆಟ್ಟದಲ್ಲಿ ವಿಮಾನದಿಂದ ಜೀವ ಉಳಿಸುವ ಕೆಲಸ ಆ ದೇಶದಲ್ಲಿ ಬೇರೂರಿದುದು ಅಲ್ಲಿಂದ. ಮುಂದೆ ಹರ್ಮನ್ ಗೈಗರ್ ಎಂಬ ಚಾಲಕ 1952ರಿಂದ ಹಿಮನದಿಗಳ ಮೇಲೆ ಇಳಿಯುವುದನ್ನು ನಿತ್ಯದ ಕಾಯಕದಂತೆ ಮಾಡಿದ. ಅವನ ರೀತಿಯೂ ಇದೇ: ಏರುವ ಹಿಮದ ಮೇಲೆ ಇಳಿ, ನಿಲ್ಲುವ ಮುಂಚೆ ಅಡ್ಡ ತಿರುಗಿಸು, ಇಳಿಜಾರಿನಲ್ಲಿ ಹೊರಡು. ಮೋಡದ ಬೆಳಕಿನಲ್ಲಿ ಹಿಮಕ್ಕೆ ಆಳವೂ ಕಾಣದು, ಎತ್ತರವೂ ಕಾಣದು. ಹಿಮದ ಚಾಲಕರು ಮೊದಲು ಮರದ ಕೊಂಬೆಗಳನ್ನೋ ಬಣ್ಣದ ಗಂಟನ್ನೋ ಎಸೆದು, ಆ ಗುರುತು ಹಿಡಿದು ಇಳಿಯುವುದುಂಟು. ಇಷ್ಟೆಲ್ಲ ಮಾಡಿದ ಗೈಗರ್ ಸತ್ತುದು ಬೆಟ್ಟದ ಮೇಲಲ್ಲ; 1966ರಲ್ಲಿ ತನ್ನೂರಾದ ಸಿಯೋಂನ ಸಮತಟ್ಟು ನಿಲ್ದಾಣದಲ್ಲಿ, ಹೊರಡುವಾಗ ಒಂದು ಗ್ಲೈಡರಿಗೆ ತಾಗಿ.

ಸ್ವಿಟ್ಜರ್ಲೆಂಡಿನ ಮಾತಾಯಿತು. ಸಭೆಯಲ್ಲಿ ಕೊಡಗಿನ ಬಂಧುಗಳೂ ಇದ್ದಾರೆ. ಈಗಿನ ಮಾತು ಅವರ ಮನೆಯದು. 1948ರ ಮೇ ತಿಂಗಳಲ್ಲಿ ಲಡಾಖ್ ಅಪಾಯದಲ್ಲಿತ್ತು. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯನ್ನು, ಅದರ ಬಾಗಿಲಾದ ಜೋಜಿ ಲಾ ಕಣಿವೆಯ ಆಚೆಗೆ, ದಾಳಿಕಾರರು ಕಡಿದುಹಾಕಿದ್ದರು. ಲೇಹ್‌ನಲ್ಲಿದ್ದುದು ಹಿಡಿಯಷ್ಟು ಸೈನಿಕರು. ಸೋನಂ ನೋರ್ಬು ಎಂಬ ಲಡಾಖಿ ಎಂಜಿನಿಯರರು ಊರ ಜನರ ಕೈಯಿಂದ ಸಿಂಧೂ ನದಿಯ ಬಳಿ ಒಂದು ಮಣ್ಣಿನ ಓಡುದಾರಿಯನ್ನು ಸಿದ್ಧಪಡಿಸಿದ್ದರು. ಆದರೆ 10,000 ಅಡಿಗೂ ಮೇಲಿನ ಆ ಜಾಗದಲ್ಲಿ ವಿಮಾನ ಇಳಿಸಿದವರು ಅದುವರೆಗೆ ಯಾರೂ ಇರಲಿಲ್ಲ. ಮೇ 24ರಂದು ವಾಯುಸೇನೆಯ ಏರ್ ಕಮೊಡೋರ್ ಮೆಹರ್ ಸಿಂಗರು ಒಂದು ಡಕೋಟಾವನ್ನು ತಾವೇ ನಡೆಸಿಕೊಂಡು ಹೊರಟರು. ಒಳಗೆ ಗಾಳಿಯ ಒತ್ತಡ ಕಾಯುವ ಏರ್ಪಾಡು ಆ ವಿಮಾನಕ್ಕಿಲ್ಲ. ರೆಕ್ಕೆಯ ಮೇಲೆ ಕಟ್ಟುವ ಹಿಮ ಕರಗಿಸುವ ಸಾಧನವಿಲ್ಲ. ಸರಿಯಾದ ನಕ್ಷೆಯೂ ಇಲ್ಲ. ಪಕ್ಕದಲ್ಲಿ ಕುಳಿತು ಹೋದವರು ಆ ದಂಡಿನ ಮುಖ್ಯರಾಗಿದ್ದ ಮೇಜರ್ ಜನರಲ್ ತಿಮ್ಮಯ್ಯನವರು, ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದವರು. ತಾವು ಕಳುಹಿಸಬೇಕಾದ ಸೈನಿಕರು ಹೋಗುವ ದಾರಿಯಲ್ಲಿ ತಾವೇ ಮೊದಲು ಹೋಗಿ ಇಳಿದರು. ಆ ಮೇಲೆ ಡಕೋಟಾಗಳು ಸೈನಿಕರನ್ನೂ ಸಾಮಗ್ರಿಯನ್ನೂ ಒಯ್ದವು, ಲೇಹ್ ಉಳಿಯಿತು. ಆ ಯುದ್ಧದ ಸಾಹಸಕ್ಕೆ ಮೆಹರ್ ಸಿಂಗರಿಗೆ ಮಹಾವೀರ ಚಕ್ರ ಬಂತು. ಮೊದಲ ಸಲ ವಿಮಾನ ಕಂಡ ಅಲ್ಲಿಯ ಜನ, ಪಾಪ ದಣಿದು ಬಂದಿದೆ ಎಂದು ಅದರ ಮುಂದೆ ಹುಲ್ಲಿನ ಹೊರೆ ತಂದಿಟ್ಟರು ಎಂಬ ಮಾತೂ ಇದೆ. ಅದು ನಿಜವೋ ಕಟ್ಟುಕಥೆಯೋ, ಅತಿಥಿಸತ್ಕಾರ ಮಾತ್ರ ಚೆನ್ನಾಗಿದೆ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅದೇ ತಿಮ್ಮಯ್ಯನವರು, ಯಾರೂ ನಿರೀಕ್ಷಿಸದ ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸಿ ಜೋಜಿ ಲಾವನ್ನು ಮರಳಿ ಗೆದ್ದ ದಿನ 1948ರ ನವೆಂಬರ್ 1. ಕೊಡಗು ಆಗ ಬೇರೆಯೇ ಪ್ರಾಂತವಾಗಿತ್ತು. ಅದು ನಮ್ಮ ರಾಜ್ಯದಲ್ಲಿ ಕೂಡಿದುದು ಸರಿಯಾಗಿ ಎಂಟು ವರ್ಷದ ಮೇಲೆ, 1956ರ ನವೆಂಬರ್ 1ರಂದು. ದಿನ ಕೂಡಿ ಬಂದುದು ಆಕಸ್ಮಿಕವೇ ಸರಿ. ನಮಗೆ ಸಂತೋಷವಾಯಿತು, ಹೇಳಿದೆವು.

ಎಷ್ಟು ಎತ್ತರದವರೆಗೆ ಹೀಗೆ ಇಳಿಯಬಹುದು ಎಂಬುದಕ್ಕೆ 1960ರಲ್ಲಿ ನೇಪಾಳದಲ್ಲೇ ಉತ್ತರ ಸಿಕ್ಕಿತು. ಮಾಕ್ಸ್ ಐಸೆಲಿನ್ ಎಂಬವರ ನೇತೃತ್ವದಲ್ಲಿ ಧವಳಗಿರಿ ಏರಲು ಬಂದ ಸ್ವಿಸ್ ತಂಡದವರು ಜೊತೆಗೊಂದು ವಿಮಾನವನ್ನೇ ತಂದರು. ಅವರ ದೇಶದ ಪಿಲಾಟಸ್ ಕಾರ್ಖಾನೆಯ ಪೋರ್ಟರ್, ಒಂಟಿ ಎಂಜಿನ್ನಿನದು, ಹೆಸರು ‘ಯೇತಿ’. ಎರ್ನ್‌ಸ್ಟ್ ಸಾಕ್ಸರ್, ಎಮಿಲ್ ವಿಕ್ ಎಂಬ ಇಬ್ಬರು ಚಾಲಕರು ಜನರನ್ನೂ ಸಾಮಾನನ್ನೂ ಪೋಖರಾದಿಂದ ಎತ್ತಿ, ಸುಮಾರು 5,700 ಮೀಟರು ಎತ್ತರದ ಹಿಮದ ಮೇಲೆ ಇಳಿಸಿದರು. ಅಲ್ಲಿ ಗಾಳಿಯ ಒತ್ತಡ ನಮ್ಮ ಕರಾವಳಿಯದರ ಅರ್ಧ. ರೆಕ್ಕೆಯ ವಿಮಾನ ಅಷ್ಟು ಎತ್ತರದಲ್ಲಿ ಇಳಿದುದು ದಾಖಲೆಯಾಗಿ ಉಳಿಯಿತು. ಆದರೆ ಶರೀರಕ್ಕೂ ಒಂದು ಲೆಕ್ಕವಿದೆಯಲ್ಲ. ನಡೆದು ಏರುವವನು ದಿನದಿನಕ್ಕೆ ತೆಳು ಗಾಳಿಗೆ ಒಗ್ಗುತ್ತಾನೆ. ಒಂದೇ ಬೆಳಗ್ಗೆ ಎತ್ತಿ ಇಟ್ಟವರು ತಲೆನೋವು, ವಾಂತಿಯಿಂದ ಬಳಲಿದರು. ಮೇ 5ರಂದು ಯೇತಿ ದಾಂಬುಷ್ ಕಣಿವೆಯ ಹತ್ತಿರ ಬಿದ್ದು ಮುರಿಯಿತು. ಚಾಲಕರಿಬ್ಬರೂ ಬದುಕಿ, ತಮ್ಮ ಕಾಲಿನ ಮೇಲೆ ಕೆಳಗೆ ನಡೆದು ಬಂದರು. ಮೇ 13ರಂದು ತಂಡದವರು ಶಿಖರ ಮುಟ್ಟಿದರು. ಆ ವಿಮಾನದ ಅವಶೇಷ ಇನ್ನೂ ಅಲ್ಲಿ ಬಿದ್ದಿದೆ.

ನಾಲ್ಕು ವರ್ಷದ ತರುವಾಯ, 1964ರಲ್ಲಿ, ಲುಕ್ಲಾದ ಓಡುದಾರಿ ಹುಟ್ಟಿತು. ಕಟ್ಟಿಸಿದವರು ಎಡ್ಮಂಡ್ ಹಿಲರಿ. ಶೆರ್ಪಾ ಮಕ್ಕಳಿಗೆ ಶಾಲೆ, ಖುಂದೆಯಲ್ಲಿ ಆಸ್ಪತ್ರೆ, ಇವಕ್ಕೆ ಬೇಕಾದ ಸಾಮಾನು ತರಲು ಒಂದು ದಾರಿ ಬೇಕಾಗಿತ್ತು. ಮೊದಲು ಹುಡುಕಿದುದು ಸಮತಟ್ಟಾದ ಜಾಗವನ್ನೇ. ಬೆಟ್ಟದ ದೇಶದಲ್ಲಿ ಸಮತಟ್ಟಾದುದೆಲ್ಲ ಯಾರದೋ ಅನ್ನದ ಹೊಲ, ರೈತರು ಒಲ್ಲೆವೆಂದರು. ಹೀಗೆ ಓಡುದಾರಿ ಇಳಿಜಾರಿಗೆ ಹೋಯಿತು. ಮಣ್ಣು ಗಟ್ಟಿಯಾಗಲಿಲ್ಲವೆಂದು ಹಿಲರಿಯವರು ಊರವರಿಗೆ ಅಲ್ಲಿಯ ಮದ್ಯ ಕೊಡಿಸಿ, ಸಾಲುಗಟ್ಟಿ ಕುಣಿಯಲು ಹೇಳಿದರೆಂದೂ, ಆ ಕಾಲುಗಳೇ ನೆಲವನ್ನು ಬಡಿದು ಗಟ್ಟಿ ಮಾಡಿದವೆಂದೂ ಹೇಳುತ್ತಾರೆ. ಸುಗ್ಗಿಗೆ ಕಣ ಬಡಿದವರಿಗೆ ಇದನ್ನು ನಂಬುವುದು ಕಷ್ಟವಲ್ಲ. 2001ರವರೆಗೆ ಅದು ಕಲ್ಲುಮಣ್ಣಿನ ಹಾದಿಯೇ. ಆ ಮೇಲೆ ಡಾಂಬರು ಬಂತು. 2008ರಲ್ಲಿ ತೇನ್‌ಸಿಂಗ್-ಹಿಲರಿ ಎಂಬ ಹೆಸರೂ ಬಂತು.

ಆ ಪುಟ್ಟ ವಿಮಾನಗಳು ಹಿಲರಿಯವರಿಂದಲೂ ಕಿತ್ತುಕೊಂಡವು. 1975ರ ಮಾರ್ಚ್ 31ರಂದು ಅವರ ಹೆಂಡತಿ ಲೂಯಿಸ್, ಹದಿನಾರು ವರ್ಷದ ಮಗಳು ಬೆಲಿಂಡಾ, ಫಾಫ್ಲುವಿನಲ್ಲಿ ಆಸ್ಪತ್ರೆ ಕಟ್ಟಿಸುತ್ತಿದ್ದ ಅವರ ಬಳಿಗೆ ಹೊರಟಿದ್ದರು. ವಿಮಾನ ಕಠ್ಮಂಡುವಿನಿಂದ ಮೇಲೆದ್ದ ಕೂಡಲೇ ಬಿತ್ತು. ಹಿಲರಿಯವರು ಆ ದಿನ ಬರದ ವಿಮಾನಕ್ಕಾಗಿ ಬೆಟ್ಟದಲ್ಲಿ ಕಾಯುತ್ತಿದ್ದರು.

2008ರ ಅಕ್ಟೋಬರ್ 8ರಂದು ಲುಕ್ಲಾದಲ್ಲಿ ನಡೆದುದನ್ನೂ ಹೇಳಬೇಕು. ಬೆಳಗಿನ ಹೊತ್ತು. ಅಕ್ಟೋಬರು ತಿಂಗಳೇ. ಇಳಿಯಲು ಬಂದ ಹತ್ತೊಂಬತ್ತು ಜನರ ವಿಮಾನವನ್ನು ಕೊನೆಯ ಗಳಿಗೆಯಲ್ಲಿ ಮೋಡ ಮುಚ್ಚಿತು. ಅದು ಓಡುದಾರಿಗೆ ಸ್ವಲ್ಪವೇ ಮುಂಚೆ ನೆಲಕ್ಕೆ ಬಡಿದು ಹೊತ್ತಿಕೊಂಡಿತು. ಹದಿನೆಂಟು ಜನ ಸತ್ತರು, ಚಾಲಕನೊಬ್ಬ ಉಳಿದ. ನಾವು ಸಾಲು ನಿಂತು ಕೂಗಾಡಿದುದು ಆ ಜಾಗದಿಂದ ಕಲ್ಲೆಸೆತದ ದೂರದಲ್ಲಿ. ಇದನ್ನು ನಮಗೆ ಅಲ್ಲಿ ಯಾರೂ ಹೇಳಲಿಲ್ಲ. ಆ ಗುಮಾಸ್ತನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಅವನೂ ಹೇಳಲಿಲ್ಲ. “ನಾಳೆ ಬನ್ನಿ” ಎಂದ, ಅಷ್ಟೇ. ನಾವು ಅದನ್ನು ತಿಳಿದುದು ಪುಣೆಗೆ ಬಂದ ಮೇಲೆ, ಒಂದು ರಾತ್ರಿ ಓದುತ್ತ ಕುಳಿತಾಗ. ಓದಿದವರು ಉಳಿದ ಮೂವರಿಗೂ ಆಗಲೇ ಫೋನು ಮಾಡಿದರು. ಹೆಚ್ಚು ಮಾತು ಆಡಲಾಗಲಿಲ್ಲ.

ಹಿಂದಿರುಗಿದ ವಿಮಾನದಿಂದ ನಮಗೆ ನಷ್ಟವೇ ಆಗಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಧಾರವಾಡದಲ್ಲಿ ಮಗನಿಗಾಗಿ ಕಾಯುವಂತಿರಲಿಲ್ಲ. ಆಸ್ಪತ್ರೆಯ ಕಾಗದಕ್ಕೆ ಅಳಿಯಂದಿರು ರುಜು ಹಾಕಿದರು. ತಾಯಿ ಒಳಗೆ ಹೋಗುವಾಗ ಕೇಳಿದುದು ಮಗನ ಹೆಸರನ್ನು. ಅವರು ಹೋಗಿ ಮುಟ್ಟುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಈ ಮಾತು ನಮ್ಮ ಗೆಳೆಯರಿಗೆ ಇನ್ನೂ ಚುಚ್ಚುತ್ತದೆ; ವಿಮಾನದ ಶಾಸ್ತ್ರವನ್ನು ಎಷ್ಟು ಓದಿದರೂ ಅದು ಹೋಗಿಲ್ಲ. ದೇವರ ದಯೆಯಿಂದ ಆ ತಾಯಿ ಚೇತರಿಸಿಕೊಂಡು, ಕೋಲು ಹಿಡಿದು ನಡೆಯುವಂತಾಗಿ, ಈಗ ಪುಣೆಯಲ್ಲೇ ಮಗನ ಮನೆಯಲ್ಲಿದ್ದಾರೆ. ಇಂದು ಎರಡನೆಯ ಸಾಲಿನಲ್ಲಿ ಕುಳಿತು ನಮ್ಮ ಮಾತು ಕೇಳುತ್ತಿದ್ದಾರೆ. ಈ ಕಥೆಯನ್ನು ಮೊದಲ ಸಲ ಕೇಳಿದಾಗ ಅವರು, “ಅಲ್ಲೋ, ಹತ್ತಿಕೋತ ಇಳೀತದಂದ್ರ, ಅದು ಇಳಿಯೂದೋ ಹತ್ತೂದೋ?” ಎಂದು ಕೇಳಿದರು. ಈ ಭಾಷಣದ ಹೆಸರು ಅವರದೇ.

ಒಂದು ಸಣ್ಣ ಸಂಗತಿ ಉಳಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ಆಕಾಶ ತೊಳೆದ ತಟ್ಟೆಯ ಹಾಗಿತ್ತು. ಆರೂವರೆಗೆಲ್ಲ ಮೊದಲ ವಿಮಾನ ಬಂದಿಳಿಯಿತು. ಹಿಂದಿನ ದಿನದ ನಡತೆ ನಮ್ಮ ಮನಸ್ಸಿನಲ್ಲಿ ಕೊರೆಯುತ್ತಿತ್ತು. ದಾರಿಗೆಂದು ತಂದ ಧಾರವಾಡ ಪೇಡೆಯಲ್ಲಿ ಒಂದು ಡಬ್ಬಿ ಚೀಲದ ತಳದಲ್ಲಿ ಉಳಿದಿತ್ತು. ಅದನ್ನು ತೆಗೆದು, ಕೌಂಟರಿನ ಆ ಗುಮಾಸ್ತನ ಕೈಗಿಟ್ಟು, ನಿನ್ನೆ ಮಾತು ಮಿತಿಮೀರಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದೆವು. ಅವನು ನಕ್ಕ. ಡಬ್ಬಿ ಬಿಚ್ಚಿ ಒಂದು ಪೇಡೆ ಬಾಯಿಗೆ ಹಾಕಿಕೊಂಡ, ಒಂದನ್ನು ಪಕ್ಕದವನಿಗೆ ಕೊಟ್ಟ, ಚೆನ್ನಾಗಿದೆಯೆಂದು ತಲೆ ಆಡಿಸಿದ. ಆ ಮೇಲೆ ನಮ್ಮ ಚೀಲಗಳನ್ನು ತಕ್ಕಡಿಯ ಮೇಲೆ ಇಡಿಸಿ ನೋಡಿ, ಎರಡು ಕಿಲೋ ಹೆಚ್ಚಿದೆ, ಹಣ ಕಟ್ಟಿ ಎಂದ. ಕಟ್ಟಿದೆವು. ಅವನು ನೋಟುಗಳನ್ನು ಎರಡು ಸಲ ಎಣಿಸಿ ರಸೀದಿ ಕೊಟ್ಟ. ರಸೀದಿ ನಮ್ಮ ಬಳಿ ಇದೆ.